ಬಾಡಿಗೆ ನಿಂತ ತಿಂಗಳು: ಮುಂಬಯಿಯ ಮನೆಮಾಲೀಕರು, ಬಾಡಿಗೆದಾರರು ಮತ್ತು ನೂರು ವರ್ಷದ ಕಾನೂನು

ನಾನು ಇತಿಹಾಸದ ವಿದ್ಯಾರ್ಥಿನಿಯಲ್ಲ. ಎಂ.ಟೆಕ್. ಮುಗಿಸಿ ಐರೋಲಿಯ ಐಟಿ ಕಂಪನಿಯೊಂದರಲ್ಲಿ ಡೇಟಾಬೇಸ್‌ಗಳ ಜೊತೆ ದಿನ ಕಳೆಯುವವಳು. ಮಹಿಳಾ ವಿಭಾಗದ ಗೆಳತಿಯರು ಈ ಸಲದ ಇ-ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದು 2020ರ ಆಗಸ್ಟ್ ತಿಂಗಳು. ಆ ತಿಂಗಳು ನನಗೆ ಒಂದು ಕಾನೂನಿನ ಪುಸ್ತಕವನ್ನೂ, ನಮ್ಮ ಅತ್ತೆಯವರ ಒಂದು ಹಳೆಯ ಬಿಸ್ಕೆಟ್ ಡಬ್ಬಿಯನ್ನೂ ಓದಿಸಿತು. ಅವೆರಡರಿಂದ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟ್ ಇದೆ. ನನ್ನ ಕೆಲಸಕ್ಕಾಗಿ ನಾವು ಐರೋಲಿಗೆ ಬಂದ ಮೇಲೆ ಅದನ್ನು 11 ಸಾವಿರ ರೂಪಾಯಿಗೆ ಬಾಡಿಗೆ ಕೊಟ್ಟಿದ್ದೆವು. ಆ ಹಣ ನೇರವಾಗಿ ಹೊಸ ಮನೆಯ ಸಾಲದ ಕಂತಿಗೆ ಹೋಗುತ್ತಿತ್ತು. ಅಲ್ಲಿದ್ದವರು ಗಂಡ, ಹೆಂಡತಿ, ಒಂದು ಪುಟ್ಟ ಮಗು. ಅವರು ಪ್ರವಾಸ ಏರ್ಪಡಿಸುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದರು. 2020ರ ಏಪ್ರಿಲ್‌ನಲ್ಲಿ ಬಾಡಿಗೆ ಬರಲಿಲ್ಲ. ಲಾಕ್‌ಡೌನ್ ಎಂದು ನಾವೂ ಕೇಳಲಿಲ್ಲ. ಮೇ, ಜೂನ್, ಜುಲೈ, ಆಗಸ್ಟ್. ಒಟ್ಟು ಐದು ತಿಂಗಳು, 55 ಸಾವಿರ. ನಮ್ಮ ಕೈಯಲ್ಲಿದ್ದ ಡಿಪಾಸಿಟ್ 33 ಸಾವಿರ. ಅಷ್ಟರಲ್ಲಿ ನನ್ನ ಸಂಬಳದಲ್ಲೂ ಕಡಿತವಾಗಿತ್ತು.

ಆಗ ಸೊಸೈಟಿಯ ಹಿರಿಯರೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರು. "ನೀರು, ಕರೆಂಟು ನಿಲ್ಲಿಸಿಬಿಡಿ ಮೇಡಂ, ವಾರದೊಳಗೆ ತಾವಾಗಿಯೇ ಖಾಲಿ ಮಾಡ್ತಾರೆ." ನಮ್ಮ ಯಜಮಾನರು ವಕೀಲರ ನಂಬರು ಹುಡುಕತೊಡಗಿದರು. ನಾನು ರಾತ್ರಿ ಕುಳಿತು ಕಾಯ್ದೆ ಓದತೊಡಗಿದೆ. ಪಕ್ಕದಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ಮಾತ್ರ ಏನೂ ಹೇಳದೆ ಎದ್ದು ಹೋಗಿ, ಆ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿದ್ದದ್ದು ಗಿರ್‌ಗಾಂವ್ ಚಾಳಿನ ಕೋಣೆಯ ಬಾಡಿಗೆ ರಸೀದಿಗಳು. ತಿಂಗಳಿಗೆ 18 ರೂಪಾಯಿ. ಎಲ್ಲಕ್ಕಿಂತ ಮೇಲೆ ಮಡಚಿಟ್ಟ ಒಂದು ಹಳೆಯ ಮನಿ ಆರ್ಡರ್ ಫಾರಂ. ಅದರ ಮೇಲೆ "ಪಡೆಯಲು ನಿರಾಕರಿಸಿದ್ದಾರೆ" ಎಂಬರ್ಥದ ಅಂಚೆಯವನ ಷರಾ.

ಆ ಕಾಗದದ ಕಥೆಗೆ ಆಮೇಲೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಾತ್ರೆ ಪಡಗ ಜಪ್ತಿಯಾಗುತ್ತಿದ್ದ ಕಾಲ

ಬಾಡಿಗೆ ಕಾಯ್ದೆಗಳು ಬರುವ ಮೊದಲು ಮಾಲೀಕ ಮತ್ತು ಬಾಡಿಗೆದಾರರ ಸಂಬಂಧವನ್ನು ನೋಡಿಕೊಳ್ಳುತ್ತಿದ್ದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ ನೋಟಿಸು ಸಾಕಿತ್ತು. ಕಾರಣ ಹೇಳಬೇಕಾಗಿಯೇ ಇರಲಿಲ್ಲ. ಬಾಡಿಗೆ ತಪ್ಪಿದ್ದರಿಂದಲೇ ಗೇಣಿಯ ಹಕ್ಕು ರದ್ದಾದ ಪಕ್ಷದಲ್ಲಿ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ನ್ಯಾಯಾಲಯ ಬಯಸಿದಲ್ಲಿ ಮಾಫಿ ಕೊಡಬಹುದು ಎಂದು 114ನೇ ಕಲಮು ಹೇಳುತ್ತಿತ್ತು. ಆದರೆ 15 ದಿನದ ನೋಟಿಸಿನಿಂದ ಕೆಲಸವಾಗುತ್ತಿದ್ದಾಗ ಮಾಲೀಕನಿಗೆ ಆ ದಾರಿಯ ಅಗತ್ಯವೇ ಇರಲಿಲ್ಲ.

ಅದೇ 1882ರಲ್ಲಿ ಮುಂಬಯಿ, ಮದರಾಸು, ಕಲ್ಕತ್ತೆಗಳಿಗಾಗಿ ಬಂದ ಇನ್ನೊಂದು ಕಾಯ್ದೆ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟುಗಳ ಕಾಯ್ದೆ. ಅದರಲ್ಲಿ ಜಪ್ತಿಗೆಂದೇ ಒಂದು ಅಧ್ಯಾಯವಿದೆ. 12 ತಿಂಗಳವರೆಗಿನ ಬಾಕಿಗೆ ಮಾಲೀಕ ಅರ್ಜಿ ಹಾಕಿದರೆ ಕೋರ್ಟಿನ ಬೇಲಿಫ್ ಬಂದು ಬಾಡಿಗೆದಾರನ ಮನೆಯ ಸಾಮಾನು ಜಪ್ತಿ ಮಾಡಬಹುದು. ಸೂರ್ಯೋದಯದ ನಂತರ, ಸೂರ್ಯಾಸ್ತದ ಮೊದಲು ಬರಬೇಕು. ಉಡುವ ಬಟ್ಟೆ ಮುಟ್ಟಬಾರದು. ಹೀಗೆಲ್ಲ ನಿಯಮಗಳು. ಒಂದೇ ಕೋಣೆಯಲ್ಲಿ ಬದುಕುವ ಸಂಸಾರದಲ್ಲಿ ಉಡುವ ಬಟ್ಟೆ ಬಿಟ್ಟರೆ ಉಳಿಯುವುದೇನು? ಕೊಡ, ಹಂಡೆ, ಪಾತ್ರೆ. ಬೇಲಿಫ್ ಬರುತ್ತಿದ್ದದ್ದು ಹಗಲಿನಲ್ಲಿ, ಗಂಡಸರು ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ. ಬಾಗಿಲು ತೆರೆಯಬೇಕಾದವಳು ಮನೆಯ ಹೆಂಗಸು. ಬಾಡಿಗೆಯ ಇತಿಹಾಸ ಹೆಂಗಸರ ಇತಿಹಾಸವೂ ಹೌದು ಎಂದು ನನಗೆ ಮೊದಲು ಅನ್ನಿಸಿದ್ದು ಇದನ್ನು ಓದಿದಾಗ.

ಗ್ಲಾಸ್ಗೋದ ಹೆಂಗಸರು

ಮೊದಲ ಮಹಾಯುದ್ಧದ ಕಾಲಕ್ಕೆ ಬರೋಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹಡಗುಕಟ್ಟೆಗಳಿಗೆ ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಗೆ ಸಾವಿರಾರು ಕೆಲಸಗಾರರು ಬಂದರು. ಮನೆಗಳು ಅಷ್ಟೇ ಇದ್ದವು, ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೆ ಅಥವಾ ಕಾರ್ಖಾನೆಗೆ ಹೋಗಿದ್ದರು. 1915ರಲ್ಲಿ ಗೋವನ್ ಬಡಾವಣೆಯ ಮೇರಿ ಬಾರ್ಬರ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ಹೆಂಗಸರು ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ನಿಂತರು. ಕೋರ್ಟಿನವರು ಮನೆ ಖಾಲಿ ಮಾಡಿಸಲು ಬಂದರೆ ಒಬ್ಬಳು ಗಂಟೆ ಬಾರಿಸುವುದು, ಉಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಮೆಟ್ಟಿಲು ತುಂಬ ನಿಲ್ಲುವುದು, ಹಿಟ್ಟಿನ ಪೊಟ್ಟಣ ಎಸೆಯುವುದು. ಹೀಗೆ ನಡೆಯಿತು ಅವರ ಹೋರಾಟ.

ಕೊನೆಗೆ 1915ರ ನವೆಂಬರ್ 17ರಂದು 18 ಕೆಲಸಗಾರರ ಬಾಡಿಗೆ ಬಾಕಿಯನ್ನು ಅವರ ಸಂಬಳದಿಂದಲೇ ಮುರಿದುಕೊಡಿಸಬೇಕೆಂಬ ದಾವೆ ಕೋರ್ಟಿಗೆ ಬಂದಾಗ ಸಾವಿರಾರು ಜನ ಕೋರ್ಟಿನ ಮುಂದೆ ಸೇರಿದರು. ದಾವೆ ಮುಂದುವರಿಯಲಿಲ್ಲ. ಆ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಬಾಡಿಗೆಯನ್ನು ಯುದ್ಧದ ಮೊದಲಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯ್ದೆ ಮಾಡಿತು. ಮೇರಿ ಬಾರ್ಬರ್ ಅವರ ಪ್ರತಿಮೆಯನ್ನು 2018ರ ಮಾರ್ಚ್ 8ರ ಮಹಿಳಾ ದಿನದಂದು ಗೋವನ್‌ನಲ್ಲಿ ಅನಾವರಣ ಮಾಡಿದರು.

ಆ ಕಾಯ್ದೆಯ ಮಾದರಿ ಬೇಗನೆ ಹಡಗು ಹತ್ತಿ ಇಲ್ಲಿಗೂ ಬಂತು.

ಮುಂಬಯಿಯ ಬೀಗ ಹಾಕಿದ ಬಾಡಿಗೆ

ಮುಂಬಯಿಯಲ್ಲಿ ಮನೆಯ ಬರ ಹೊಸದಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಊರಿಡೀ ಹರಡಿದಾಗ, ಕಿಕ್ಕಿರಿದ ಚಾಳುಗಳೇ ಕಾರಣವೆಂದು 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಅದು ಹೊಸ ರಸ್ತೆಗಳನ್ನು ಮಾಡಿತು, ದಾದರ್, ಮಾಟುಂಗಾದ ಬಡಾವಣೆಗಳನ್ನು ರೂಪಿಸಿತು. ಇಂದು ನಮ್ಮ ದಕ್ಷಿಣದವರ ತವರು ಎನ್ನಿಸಿರುವ ಮಾಟುಂಗಾ ಹುಟ್ಟಿದ್ದೇ ಹೀಗೆ. ಆದರೆ ಹಳೆಯ ಮನೆ ಕೆಡವಿದಷ್ಟು ವೇಗವಾಗಿ ಹೊಸ ಮನೆ ಏಳಲಿಲ್ಲ. ಯುದ್ಧಕಾಲದಲ್ಲಿ ಗಿರಣಿಗಳಿಗೆ ಇನ್ನಷ್ಟು ಜನ ಬಂದರು, ಬಾಡಿಗೆ ಏರಿತು.

1918ರಲ್ಲಿ ಮುಂಬಯಿ ಸರಕಾರ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆ ತಂದಿತು. ಅದು ತಾತ್ಕಾಲಿಕವೆಂದೇ ಬಂದದ್ದು, 1920ರ ದಶಕದಲ್ಲಿ ಮುಗಿದೂ ಹೋಯಿತು. ಅದೇ ದಶಕದಲ್ಲಿ ಸರಕಾರವೇ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವ್ಡಿಗಳಲ್ಲಿ 207 ಬಿಡಿಡಿ ಚಾಳುಗಳನ್ನು ಕಟ್ಟಿತು. ಮತ್ತೆ ಎರಡನೇ ಯುದ್ಧ ಬಂತು. 1939ರಲ್ಲೊಂದು, 1944ರಲ್ಲೊಂದು ಕಾಯ್ದೆಯಾಯಿತು. ಸ್ವಾತಂತ್ರ್ಯ ಬಂದಾಗ ದೇಶವಿಭಜನೆಯ ನಿರಾಶ್ರಿತರು ಬಂದಿಳಿದರು. ಡೊಂಬಿವಲಿಯಿಂದ ಕೂಗಳತೆಯಲ್ಲಿರುವ ಉಲ್ಲಾಸನಗರ ಆಗ ಅವರ ಶಿಬಿರ. ಈ ಒತ್ತಡದಲ್ಲಿ ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿ ಬಂದದ್ದೇ ಪ್ರಸಿದ್ಧವಾದ 1947ರ ಮುಂಬಯಿ ಬಾಡಿಗೆ ಕಾಯ್ದೆ. ಜಾರಿಗೆ ಬಂದದ್ದು 1948ರ ಫೆಬ್ರವರಿ 13ರಂದು.

ಈ ಕಾಯ್ದೆಯ ಜೀವಾಳ ಮೂರು ಮಾತುಗಳಲ್ಲಿದೆ. ಒಂದು, 1940ರ ಸೆಪ್ಟೆಂಬರ್ 1ರಂದು ಯಾವ ಬಾಡಿಗೆ ಇತ್ತೋ ಅದೇ 'ಸ್ಟ್ಯಾಂಡರ್ಡ್ ರೆಂಟ್', ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಎರಡು, ಬಾಡಿಗೆದಾರ ಆ ಬಾಡಿಗೆ ಕೊಡುವವರೆಗೆ, ಅಥವಾ ಕೊಡಲು ಸಿದ್ಧನಿರುವವರೆಗೆ, ಬಾಡಿಗೆಯ ಕಾರಣಕ್ಕೆ ಅವನನ್ನು ಬಿಡಿಸುವಂತಿಲ್ಲ. ಮೂರು, ಬಾಡಿಗೆದಾರ ಸತ್ತರೆ ಅವನ ಜೊತೆ ಆ ಮನೆಯಲ್ಲೇ ವಾಸವಿದ್ದ ಕುಟುಂಬದವರಿಗೆ ಹಕ್ಕು ಮುಂದುವರಿಯುತ್ತದೆ. ಮೂರನೆಯದರಿಂದ ಎಷ್ಟೋ ವಿಧವೆಯರ ತಲೆಯ ಮೇಲೆ ಸೂರು ಉಳಿಯಿತು. ಆದರೆ ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳಿಗೆ ಅದು ಸಿಗಲಿಲ್ಲ, ಜೊತೆಯಲ್ಲಿ 'ವಾಸ' ಇರಲಿಲ್ಲವಲ್ಲ!

ಇದೂ ತಾತ್ಕಾಲಿಕ ಕಾಯ್ದೆಯೇ. ಆದರೆ ಮತ್ತೆ ಮತ್ತೆ ಅವಧಿ ವಿಸ್ತರಿಸುತ್ತ ಅರ್ಧ ಶತಮಾನ ಬಾಳಿತು. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದದ್ದರಿಂದ ಆ ಕಡೆಯ ಹಿರಿಯರಿಗೂ ಈ ಕಾಯ್ದೆಯ ಹೆಸರು ಗೊತ್ತಿರುತ್ತದೆ. ಏಕೀಕರಣದ ನಂತರ 1961ರಲ್ಲಿ ಮೈಸೂರು ರಾಜ್ಯ ತನ್ನದೇ ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಿಕೊಂಡಿತು. ಅಲ್ಲಿ ಬಾಕಿಯ ನೋಟಿಸು ಬಂದ ಮೇಲೆ ಬಾಡಿಗೆದಾರನಿಗೆ ಎರಡು ತಿಂಗಳ ಗಡುವು.

ಅತ್ತೆಯವರ ಒಂದು ತಿಂಗಳು

ಈಗ ಡಬ್ಬಿಯ ಕಥೆ. ನಮ್ಮ ಮಾವನವರ ತಂದೆ ಕುಂದಾಪುರದ ಕಡೆಯಿಂದ ಬಂದವರು. ಗಿರ್‌ಗಾಂವ್‌ನ ಚಾಳೊಂದರಲ್ಲಿ ಪಗಡಿ ಕೊಟ್ಟು ಕೋಣೆ ಹಿಡಿದಿದ್ದರು. ಬಾಡಿಗೆ ಏರಿಸಲಾಗದ ಮಾಲೀಕರು ಒಳಬರುವವರಿಂದ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದ ಮೊತ್ತವೇ ಪಗಡಿ. 1947ರ ಕಾಯ್ದೆಯ ಪ್ರಕಾರ ಅದು ಅಪರಾಧ, ಆದ್ದರಿಂದ ಅದಕ್ಕೆ ರಸೀದಿ ಇಲ್ಲ. 18 ರೂಪಾಯಿಯ ಬಾಡಿಗೆಗೆ ಮಾತ್ರ ರಸೀದಿ. ಊರಿನ ಗದ್ದೆಯ ಮೇಲೆ ಮಾಡಿದ ಸಾಲದ ದುಡ್ಡಿಗೆ ಕಾಗದವಿಲ್ಲ, ತಿಂಗಳ ಚಿಲ್ಲರೆಗೆ ಕಾಗದವಿದೆ! ಆದರೆ ಆ ಚಿಲ್ಲರೆ ಕಾಗದವೇ ಮನೆಯ ಹಕ್ಕಿನ ಪುರಾವೆ. ರೇಷನ್ ಕಾರ್ಡಿಗೂ ಅದೇ, ಮಕ್ಕಳ ಶಾಲೆಗೂ ಅದೇ.

ಮಾವನವರು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1974ರಲ್ಲಿ ಅಂಗಡಿ ಮುಚ್ಚಿತು. ಅತ್ತೆಗೆ ಆಗ 24 ವರ್ಷ, ಮಡಿಲಲ್ಲಿ ಎರಡು ವರ್ಷದ ಮಗಳು. ಏಳು ತಿಂಗಳು ಬಾಡಿಗೆ ನಿಂತಿತು. ಬಾಕಿ 126 ರೂಪಾಯಿ. ಒಂದು ದಿನ ವಕೀಲರ ನೋಟಿಸು ಬಂತು.

ಆಗಿನ ನಿಯಮ ಕಠಿಣವಾಗಿತ್ತು. ತಿಂಗಳ ಬಾಡಿಗೆ, ಬಾಡಿಗೆಯ ಮೊತ್ತದ ಬಗ್ಗೆ ತಕರಾರಿಲ್ಲ, ಬಾಕಿ ಆರು ತಿಂಗಳು ಅಥವಾ ಹೆಚ್ಚು. ಇಷ್ಟಿದ್ದು ನೋಟಿಸು ಮುಟ್ಟಿದ ಒಂದು ತಿಂಗಳೊಳಗೆ ಬಾಕಿ ಕಟ್ಟದಿದ್ದರೆ ಕೋರ್ಟು ಮನೆ ಬಿಡಿಸುವ ಡಿಕ್ರಿ ಕೊಡಲೇಬೇಕು. ಕರುಣೆ ತೋರಿಸಲು ನ್ಯಾಯಾಧೀಶರಿಗೂ ಅವಕಾಶವಿರಲಿಲ್ಲ. ಹಾಗೆಯೇ, ಆ ತಿಂಗಳೊಳಗೆ ಕಟ್ಟಿದರೆ ಮಾಲೀಕರಿಗೆ ದಾರಿಯಿರಲಿಲ್ಲ. ಚಾಳಿನ ಹೆಂಗಸರಿಗೆಲ್ಲ ಈ ಲೆಕ್ಕ ಬಾಯಿಪಾಠ. ಕಾನೂನು ಓದಿದವರು ಯಾರೂ ಇರಲಿಲ್ಲ, ಆದರೆ 'ನೋಟಿಸ್ ಬಂದ ದಿನ ಬರೆದಿಡು' ಎಂದು ಪಕ್ಕದ ಕೋಣೆಯ ಮರಾಠಿ ಬಾಯಿ ಮೊದಲು ಹೇಳಿದರಂತೆ.

ಅತ್ತೆ ಒಂದು ಬಳೆ ಅಡವಿಟ್ಟರು. 126 ರೂಪಾಯಿ ಹಿಡಿದುಕೊಂಡು ತಾವೇ ಕೆಳಗಿಳಿದು ಹೋದರು. ಮಾಲೀಕರ ಕಡೆಯಿಂದ ವ್ಯವಹಾರ ನೋಡುತ್ತಿದ್ದ ಹುಡುಗ ಹಣ ಮುಟ್ಟಲಿಲ್ಲ. ತಿಂಗಳು ದಾಟಿದರೆ ಕೋಣೆ ಖಾಲಿಯಾಗುತ್ತದೆ, ಹೊಸಬರಿಂದ ಹೊಸ ಪಗಡಿ ಬರುತ್ತದೆ. ಹಾಗಿರುವಾಗ 126 ರೂಪಾಯಿ ಯಾಕೆ ಬೇಕು? ಬಾಡಿಗೆ ತಪ್ಪಿಸುವ ಬಾಡಿಗೆದಾರರ ಕಥೆ ಎಲ್ಲರಿಗೂ ಗೊತ್ತು. ಬಾಡಿಗೆಯನ್ನು ತೆಗೆದುಕೊಳ್ಳದೆ ಬಾಡಿಗೆದಾರರನ್ನು ಬಾಕಿದಾರರನ್ನಾಗಿ ಮಾಡುವ ಉಪಾಯವೂ ಮುಂಬಯಿಯಲ್ಲಿ ಅಷ್ಟೇ ಹಳೆಯದು. ಅದಕ್ಕೆ ಬಾಡಿಗೆದಾರರು ಕಂಡುಕೊಂಡ ಮದ್ದು ಮನಿ ಆರ್ಡರ್. ಅತ್ತೆ ಮಾರನೆಯ ದಿನವೇ ಅಂಚೆ ಕಚೇರಿಗೆ ಹೋಗಿ ಮನಿ ಆರ್ಡರ್ ಮಾಡಿದರು. ಅದು ತಿರುಗಿ ಬಂತು. 'ಕೊಡಲು ಸಿದ್ಧಳಿದ್ದೆ' ಎಂಬುದಕ್ಕೆ ಅಂಚೆಯವನ ಆ ಒಂದು ಸಾಲಿನ ಷರಾ ಸಾಕ್ಷಿಯಾಯಿತು. ದಾವೆ ಬೀಳಲಿಲ್ಲ. ಎರಡು ತಿಂಗಳ ಮೇಲೆ ಮಾಲೀಕರೇ ಕರೆಸಿ ಹಣ ತೆಗೆದುಕೊಂಡು ರಸೀದಿ ಕೊಟ್ಟರು.

ಇಲ್ಲಿಗೆ ಕಥೆ ಮುಗಿಸಿದರೆ ಮಾಲೀಕರು ದುಷ್ಟರು, ಬಾಡಿಗೆದಾರರು ಶಿಷ್ಟರು ಎಂದಾಗಿಬಿಡುತ್ತದೆ. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಅತ್ತೆ ಹೇಳಿದ್ದು ಬೇರೆ. ಆ ಚಾಳಿನ ಮಾಲೀಕರು ಒಬ್ಬ ವಿಧವೆ, ನೆಲಮಾಳಿಗೆಯ ಎರಡು ಕೋಣೆಯಲ್ಲೇ ಇದ್ದರು. ಇಪ್ಪತ್ತು ಕೋಣೆಗಳ ಬಾಡಿಗೆ ಸೇರಿದರೂ 400 ರೂಪಾಯಿ ಮುಟ್ಟುತ್ತಿರಲಿಲ್ಲ. ಅದರಲ್ಲಿ ತೆರಿಗೆ, ನೀರಿನ ಹಣ, ಮೋರಿ ರಿಪೇರಿ, ಅವರ ಊಟ. ಮಳೆಗಾಲದಲ್ಲಿ ಅವರ ಮನೆಯ ಮಾಡೂ ಸೋರುತ್ತಿತ್ತು. "ಕಾಣ್ ಮಗಾ, ಆ ಅಮ್ಮನಿಗೂ ಹೊಟ್ಟೆ ಇತ್ತಲ್ದಾ?" ಎಂದರು ಅತ್ತೆ.

ಸೋರುವ ಮಾಡು ಯಾರದ್ದು?

ಅತ್ತೆಯ ಈ ಮಾತಿನಲ್ಲೇ ಮುಂದಿನ ಇಪ್ಪತ್ತೈದು ವರ್ಷಗಳ ಇತಿಹಾಸವಿದೆ. ಬಾಡಿಗೆ ಏರುವುದಿಲ್ಲ, ಹಾಗಾಗಿ ಮಾಲೀಕರು ರಿಪೇರಿ ಮಾಡುವುದಿಲ್ಲ. ಕಟ್ಟಡಗಳು ಕುಸಿಯತೊಡಗಿದವು. 1969ರಲ್ಲಿ ರಿಪೇರಿ ಮಂಡಳಿಯ ಕಾಯ್ದೆ ಬಂತು. ಕಟ್ಟಡಗಳ ಮೇಲೆ ಸೆಸ್ ಹಾಕಿ ಆ ಹಣದಿಂದ ಸರಕಾರವೇ ದುರಸ್ತಿ ಮಾಡಿಸಬೇಕೆಂಬ ಯೋಜನೆ. ದ್ವೀಪನಗರದಲ್ಲಿ ಅಂಥ ಕಟ್ಟಡಗಳು 19,642. ಅದರಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್‌ಗಿಂತ ಮೊದಲಿನವು. ಆಮೇಲೆ ಈ ಕೆಲಸ ಮ್ಹಾಡಾ ಕೈಗೆ ಹೋಯಿತು.

ಹೊಸ ಮಾಲೀಕರು ಇನ್ನೊಂದು ದಾರಿ ಹುಡುಕಿದರು. ಬಾಡಿಗೆದಾರ ಎಂದರೆ ತಾನೆ ಕಾನೂನಿನ ರಕ್ಷಣೆ? ಹಾಗಾದರೆ 'ಬಾಡಿಗೆ' ಎನ್ನುವುದೇ ಬೇಡ, 'ಇರಲು ಅನುಮತಿ' ಎನ್ನೋಣ. ಹೀಗೆ ಬಂತು ಲೀವ್ ಅಂಡ್ ಲೈಸೆನ್ಸ್. ಸರಕಾರ ಅದನ್ನೂ ಹಿಂಬಾಲಿಸಿತು. 1973ರ ಫೆಬ್ರವರಿ 1ರಂದು ಹಾಗೆ ವಾಸವಿದ್ದವರೆಲ್ಲ ಬಾಡಿಗೆದಾರರೇ ಎಂದು ತಿದ್ದುಪಡಿ ಮಾಡಿತು. ಅನೇಕ ಮಾಲೀಕರು ಹೆದರಿದರು. 'ಖಾಲಿ ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಮಾತ್ರ ಕೊಡೆವು' ಎಂಬ ಮಾತನ್ನು ಮುಂಬಯಿಯ ಹಳಬರ ಬಾಯಲ್ಲಿ ನೀವೂ ಕೇಳಿರಬಹುದು.

ಕೊನೆಗೆ ಈ ಜಗಳ ಸುಪ್ರೀಂ ಕೋರ್ಟು ಮುಟ್ಟಿತು. ಆ ಮೊಕದ್ದಮೆಯ ಹೆಸರು 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ'. ಕಾನೂನಿನ ಪುಸ್ತಕದಲ್ಲಿ ಮಲ್ಪೆ ಎಂಬ ಹೆಸರು ಕಂಡಾಗ ಅತ್ತೆಯ ಮುಖ ಅರಳಿತು. 1997ರ ಡಿಸೆಂಬರ್ 19ರ ತೀರ್ಪಿನ ಸಾರ ಇಷ್ಟು: 1940ರ ಬಾಡಿಗೆಗೆ ಕಟ್ಟಿಹಾಕಿದ ನಿಯಮ ಒಂದು ಕಾಲಕ್ಕೆ ಸರಿಯಾಗಿದ್ದಿರಬಹುದು, ಕಾಲ ಕಳೆದಂತೆ ಅದೇ ನಿಯಮ ಅನ್ಯಾಯವಾಗಬಹುದು, ಈಗ ಹಾಗೆ ಆಗಿದೆ. ಆದರೆ ಕಾಯ್ದೆಯ ಅವಧಿ 1998ರ ಮಾರ್ಚ್ 31ಕ್ಕೆ ಮುಗಿಯಲಿದ್ದುದರಿಂದ ನ್ಯಾಯಾಲಯ ಅದನ್ನು ರದ್ದು ಮಾಡಲಿಲ್ಲ, ಹೊಸ ಕಾಯ್ದೆ ಮಾಡುವ ಕೆಲಸವನ್ನು ಶಾಸಕಾಂಗಕ್ಕೆ ಬಿಟ್ಟಿತು.

ಹೊಸ ಕಾಯ್ದೆಯಾಗಿ ಬಂದದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, ಜಾರಿಯಾದದ್ದು 2000ದ ಮಾರ್ಚ್ 31ರಿಂದ. ಇದರಲ್ಲಿ ಬಾಡಿಗೆ ವರ್ಷಕ್ಕೆ ಶೇಕಡಾ 4ರಷ್ಟು ಏರಿಸಬಹುದು. ಲೆಕ್ಕ ಹಾಕುವುದು ನನ್ನ ಉದ್ಯೋಗವಲ್ಲವೇ? ಹಾಕಿ ನೋಡಿದೆ. 18 ರೂಪಾಯಿ, ಪ್ರತಿವರ್ಷ ಏರಿದ ಮೊತ್ತದ ಮೇಲೆಯೇ ಶೇಕಡಾ 4 ಸೇರಿಸುತ್ತ ಹೋದರೂ, 25 ವರ್ಷಗಳ ನಂತರ 48 ರೂಪಾಯಿ. ತೆರಿಗೆ, ಸೆಸ್ ಬೇರೆ ಇರಲಿ. ಐರೋಲಿಯಲ್ಲಿ ಒಂದು ಮಸಾಲೆ ದೋಸೆಗೂ ಸಾಲದು. ಹಳೆಯ ಗಾಯ ಹೊಸ ಕಾಯ್ದೆಯಿಂದ ಪೂರ್ತಿ ಮಾಯಲಿಲ್ಲ ಎನ್ನಲು ಇಷ್ಟು ಸಾಕು.

ಆದರೆ ಮೂರು ಬದಲಾವಣೆಗಳು ಮುಖ್ಯವಾದವು. ಬಾಡಿಗೆ ನಿಲ್ಲಿಸಿದ ಬಾಡಿಗೆದಾರರಿಗೆ ಮಾಲೀಕರು ನೋಟಿಸು ಕೊಟ್ಟು 90 ದಿನ ಕಾಯಬೇಕು. ದಾವೆ ಹಾಕಿದ ಮೇಲೂ ಸಮನ್ಸ್ ಮುಟ್ಟಿದ 90 ದಿನದೊಳಗೆ ಬಾಕಿಯನ್ನು ಶೇಕಡಾ 15ರ ಸರಳಬಡ್ಡಿ ಮತ್ತು ಖರ್ಚಿನ ಸಮೇತ ಕಟ್ಟಿದರೆ ಮನೆ ಉಳಿಯುತ್ತದೆ. ಅತ್ತೆಯ ಕಾಲದ ಒಂದು ತಿಂಗಳು ಹೀಗೆ ಬೆಳೆಯಿತು. ಎರಡನೆಯದು, ಪಗಡಿ ಕಾನೂನುಬದ್ಧವಾಯಿತು. ಮೂರನೆಯದು, ಲೀವ್ ಅಂಡ್ ಲೈಸೆನ್ಸ್‌ನ ಅವಧಿ ಮುಗಿದರೂ ಹೋಗದವರನ್ನು ಬಿಡಿಸಲು ಸಕ್ಷಮ ಪ್ರಾಧಿಕಾರವೆಂಬ ಬೇರೆ ದಾರಿ. ಹೆಚ್ಚು ಇದ್ದ ದಿನಗಳಿಗೆ ಎರಡು ಪಟ್ಟು ಹಣ. ಜೊತೆಗೆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ಆ ಜವಾಬ್ದಾರಿ ಮಾಲೀಕರದೇ.

ಕರ್ನಾಟಕದಲ್ಲೂ 1999ರದೇ ಹೊಸ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಬೆಂಗಳೂರಿನವರಿಗೆ ಪಗಡಿ ಎಂದರೆ ಅರ್ಥವಾಗುವುದಿಲ್ಲ, ಅವರಿಗೆ ಭೋಗ್ಯ ಗೊತ್ತು. ಒಂದು ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆಯೇ ಇಲ್ಲ, ಬಿಡುವಾಗ ಪೂರ್ತಿ ವಾಪಸು. ಅಲ್ಲಿ ಬಾಡಿಗೆ ತಪ್ಪುವ ಭಯ ಮಾಲೀಕರಿಗಿಲ್ಲ, ಮೊತ್ತ ತಿರುಗಿ ಬಾರದ ಭಯ ಬಾಡಿಗೆದಾರರಿಗಿದೆ. ಭಯ ಯಾವ ಕಡೆ ಇರಬೇಕು ಎನ್ನುವುದಷ್ಟೇ ಊರಿಂದ ಊರಿಗೆ ಬದಲಾಗುತ್ತದೆ.

ಹಳೆಯ ಕಟ್ಟಡಗಳ ಜಗಳ ಇನ್ನೂ ಮುಗಿದಿಲ್ಲ. 1986ರಲ್ಲಿ ಮ್ಹಾಡಾ ಕಾಯ್ದೆಗೆ ಒಂದು ಅಧ್ಯಾಯ ಸೇರಿತು. ಅದರಂತೆ ಸೆಸ್ ಕಟ್ಟಡದ ಶೇಕಡಾ 70ರಷ್ಟು ನಿವಾಸಿಗಳು ಸಹಕಾರಿ ಸಂಘ ಮಾಡಿಕೊಂಡು ತಿಂಗಳ ಬಾಡಿಗೆಯ 100 ಪಟ್ಟು ಪರಿಹಾರದಲ್ಲಿ ಕಟ್ಟಡ ಪಡೆಯಬಹುದು. ಮಾಲೀಕರ ಸಂಘ ಇದನ್ನು ಪ್ರಶ್ನಿಸಿದ ಪ್ರಕರಣ ಮೂರು ದಶಕ ಬೆಳೆದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು. ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಆ ಪೀಠದಲ್ಲಿದ್ದರು. ಎಲ್ಲ ಖಾಸಗಿ ಆಸ್ತಿಯನ್ನೂ ಸಮುದಾಯದ ಸಂಪನ್ಮೂಲ ಎನ್ನಲಾಗದು ಎಂದು ಪೀಠ ಬಹುಮತದಿಂದ ಹೇಳಿದ್ದು 2024ರ ನವೆಂಬರ್ 5ರಂದು. 18 ರೂಪಾಯಿಯನ್ನು 100ರಿಂದ ಗುಣಿಸಿದರೆ 1,800. ಚಾಳಿನ ಆ ಅಮ್ಮನಿಗೆ ಒಂದು ಕೋಣೆಗೆ ಸಿಗಬಹುದಾಗಿದ್ದದ್ದು ಅಷ್ಟು.

ಮತ್ತೆ ಡೊಂಬಿವಲಿಗೆ

ಗಿರ್‌ಗಾಂವ್‌ನ ಕೋಣೆಯನ್ನು ನಮ್ಮ ಮಾವನವರು 2004ರಲ್ಲಿ ಬಿಟ್ಟರು. ಆಗ ಪಗಡಿಗೆ ಕಾನೂನಿನ ಒಪ್ಪಿಗೆಯಿದ್ದುದರಿಂದ ಕಾಗದಪತ್ರ ಮಾಡಿಯೇ ಬೇರೊಬ್ಬರಿಗೆ ವರ್ಗಾಯಿಸಿದರು. ರೂಢಿಯಂತೆ ಸುಮಾರು ಮೂರನೇ ಒಂದು ಪಾಲು ಮಾಲೀಕರಿಗೆ ಹೋಯಿತು. ಉಳಿದದ್ದರಲ್ಲಿ ಕೊಂಡದ್ದೇ ಈ ಡೊಂಬಿವಲಿಯ ಫ್ಲ್ಯಾಟು. ಅಂದರೆ, ಇವತ್ತು ನಾನು 'ನಮ್ಮ ಮನೆ, ನಮ್ಮ ಬಾಡಿಗೆ' ಎಂದು ಹಕ್ಕಿನಿಂದ ಕೇಳುತ್ತಿದ್ದದ್ದು, 1974ರಲ್ಲಿ ಒಂದು ತಿಂಗಳ ಗಡುವು ಅತ್ತೆಗೆ ಸಿಕ್ಕಿದ್ದರಿಂದ ಉಳಿದ ಮನೆಯನ್ನೇ. ಡಬ್ಬಿಯನ್ನು ಅತ್ತೆ ನನ್ನ ಮುಂದೆ ಇಟ್ಟದ್ದು ಇದಕ್ಕೇ.

ನೀರು, ಕರೆಂಟಿನ ಸಲಹೆಗೂ ಉತ್ತರ ಕಾಯ್ದೆಯಲ್ಲೇ ಇತ್ತು. ಸಕಾರಣವಿಲ್ಲದೆ ಬಾಡಿಗೆದಾರರ ಅಗತ್ಯ ಸೌಲಭ್ಯ ನಿಲ್ಲಿಸಬಾರದೆಂದು 1947ರ ಕಾಯ್ದೆಯ 24ನೇ ಕಲಮು, 1999ರದರ 29ನೇ ಕಲಮು ಎರಡೂ ಹೇಳುತ್ತವೆ. ಆ ನಿಯಮ ಬರೆಯಬೇಕಾಗಿ ಬಂತೆಂದರೆ ಆ ಉಪಾಯ ಎಷ್ಟು ಹಳೆಯದೆಂದು ಊಹಿಸಿ. ಇನ್ನೊಂದು ಕಡೆ, 2020ರ ಏಪ್ರಿಲ್ 17ರಂದು ರಾಜ್ಯದ ವಸತಿ ಇಲಾಖೆ ಕನಿಷ್ಠ ಮೂರು ತಿಂಗಳು ಬಾಡಿಗೆ ವಸೂಲಿ ಮುಂದೂಡಿ, ಯಾರನ್ನೂ ಹೊರಹಾಕಬೇಡಿ ಎಂದು ಮಾಲೀಕರಿಗೆ ಸೂಚಿಸಿತ್ತು. ಸರಿ, ಆದರೆ ನನ್ನ ಸಾಲದ ಕಂತು? ಬ್ಯಾಂಕಿನ ಮುಂದೂಡಿಕೆಗೆ ಬಡ್ಡಿ ಬೀಳುತ್ತಲೇ ಇತ್ತು. ಚಾಳಿನ ಆ ವಿಧವೆ ಮಾಲೀಕರ ಸಂಕಟ ನನಗೆ ಅರ್ಥವಾದದ್ದೂ ಆ ತಿಂಗಳೇ.

ಸೆಪ್ಟೆಂಬರ್‌ನಲ್ಲಿ ನಾವು ಡೊಂಬಿವಲಿಗೆ ಹೋಗಿ ಅವರೊಡನೆ ಕುಳಿತು ಮಾತಾಡಿದೆವು. ಅವರಿಗೆ ಅಷ್ಟರಲ್ಲಿ ಮನೆಮನೆಗೆ ಸಾಮಾನು ತಲುಪಿಸುವ ಕೆಲಸ ಸಿಕ್ಕಿತ್ತು. ಆ ತಿಂಗಳಿಂದ ಬಾಡಿಗೆ ಶುರು, ಹಳೆಯ ಬಾಕಿಗೆ ಡಿಪಾಸಿಟ್ ವಜಾ, ಉಳಿದ 22 ಸಾವಿರ ಕಂತಿನಲ್ಲಿ, ಕರಾರು ಮುಗಿಯುವ ನವೆಂಬರ್ ಕೊನೆಗೆ ಮನೆ ಖಾಲಿ. ಎಲ್ಲವನ್ನೂ ಬರೆದು ಎರಡೂ ಕಡೆ ಸಹಿ ಹಾಕಿದೆವು. ಅವರು ಮಾತಿನಂತೆ ಮನೆ ಬಿಟ್ಟರು. 15 ಸಾವಿರ ಮೂರು ಕಂತಿನಲ್ಲಿ ಬಂತು. 7 ಸಾವಿರ ಬರಲಿಲ್ಲ. ನಾನು ಎರಡು ಸಲ ಕೇಳಿದೆ, ಆಮೇಲೆ ಕೇಳಲಿಲ್ಲ. ಇದು ದೊಡ್ಡತನವಲ್ಲ, ದಾವೆಯ ಖರ್ಚು ಅದಕ್ಕಿಂತ ಹೆಚ್ಚಾಗುತ್ತಿತ್ತು. ನಮ್ಮ ಯಜಮಾನರು ಈಗಲೂ ಅದನ್ನು ನೆನಪಿಸುತ್ತಾರೆ, ಅವರದೂ ತಪ್ಪಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸರಕಾರ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ಎರಡು ತಿಂಗಳು ಸತತವಾಗಿ ಬಾಡಿಗೆ ತಪ್ಪಿದರೆ ಮನೆ ಬಿಡಿಸಲು ಅರ್ಜಿ ಹಾಕಬಹುದು, ಆದರೆ ನೋಟಿಸು ಮುಟ್ಟಿದ ಒಂದು ತಿಂಗಳೊಳಗೆ ಬಾಕಿ ಕಟ್ಟಿದರೆ ಇಲ್ಲ. ಮತ್ತೆ ಅದೇ ಒಂದು ತಿಂಗಳು! ಗ್ಲಾಸ್ಗೋದಿಂದ ಗಿರ್‌ಗಾಂವ್‌ವರೆಗೆ ಕಾನೂನು ಸುತ್ತಿ ಸುತ್ತಿ ಬರುವುದು ಇಲ್ಲಿಗೇ: ಕೈ ಕಟ್ಟಿದವರಿಗೆ ಎಷ್ಟು ದಿನ ಕೊಡಬೇಕು, ಆ ದಿನಗಳ ಭಾರ ಯಾರು ಹೊರಬೇಕು?

ಗೆಳತಿಯರೇ, ನಮ್ಮಲ್ಲಿ ಈಗ ಎಷ್ಟೋ ಮಂದಿ ಸ್ವಂತ ದುಡಿಮೆಯಿಂದ ಮನೆ ಕೊಂಡು ಬಾಡಿಗೆಗೆ ಕೊಟ್ಟವರಿದ್ದೀರಿ, ಬಾಡಿಗೆ ಮನೆಯಲ್ಲಿ ಇರುವವರೂ ಇದ್ದೀರಿ. ಎರಡೂ ಕಡೆಯವರಿಗೆ ನನ್ನ ವಿನಂತಿ ಒಂದೇ. ಕರಾರು ನೋಂದಣಿ ಮಾಡಿಸಿ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಕಾಗದ ಇಟ್ಟುಕೊಳ್ಳಿ. ಬಾಡಿಗೆ ಕಟ್ಟಲಾಗದಿದ್ದರೆ ಮೊದಲ ತಿಂಗಳೇ ಹೇಳಿ, ಬಾರದಿದ್ದರೆ ಮೊದಲ ತಿಂಗಳೇ ಕೇಳಿ. ನಾವು ಐದು ತಿಂಗಳು ಸುಮ್ಮನಿದ್ದು ತಪ್ಪು ಮಾಡಿದೆವು.

ಹೊಸ ಬಾಡಿಗೆದಾರರು ಬಂದು ಈಗ ನಾಲ್ಕು ವರ್ಷವಾಗುತ್ತ ಬಂತು. ಬಾಡಿಗೆ ಫೋನಿಗೇ ಬರುತ್ತದೆ, ರಸೀದಿಯನ್ನು ನಾನು ಇ-ಮೇಲಿನಲ್ಲಿ ಕಳಿಸುತ್ತೇನೆ. ಅತ್ತೆಗೆ ಅದು ಸಾಲದು. ಪ್ರತಿಯೊಂದನ್ನೂ ಮುದ್ರಿಸಿಸಿ ತೆಗೆದುಕೊಂಡು, ಆ ಹಳೆಯ ಡಬ್ಬಿಯಲ್ಲೇ, ವಾಪಸು ಬಂದ ಮನಿ ಆರ್ಡರಿನ ಕೆಳಗೆ ಇಡುತ್ತಾರೆ.